ಮೂವರನ್ನು ಆರಿಸುವ ಓಟ

ಮ್ಯಾರಥಾನ್ ಓಟದ ಕಥೆಯನ್ನು ಸಾಮಾನ್ಯವಾಗಿ ಗ್ರೀಸಿನ ದೂತನೊಬ್ಬನಿಂದ ಆರಂಭಿಸುತ್ತಾರೆ. ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಸುದ್ದಿಯನ್ನು ಹೊತ್ತು ಅಥೆನ್ಸಿಗೆ ಓಡಿದ, ಸುದ್ದಿ ಹೇಳಿ ಪ್ರಾಣ ಬಿಟ್ಟ ಎಂಬ ಆ ಕಥೆ ಐತಿಹ್ಯ. ಅದನ್ನು ಪಕ್ಕಕ್ಕಿಟ್ಟು, ದಾಖಲೆಯಲ್ಲಿರುವ ಮೊದಲ ಮ್ಯಾರಥಾನ್ ಓಟ ಯಾವುದು ಎಂದು ಹುಡುಕಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ಅದು 1896ರ ಅಥೆನ್ಸ್ ಒಲಿಂಪಿಕ್ಸಿನ ಓಟವಲ್ಲ. ಅದಕ್ಕೆ ಕೆಲವೇ ವಾರಗಳ ಮುಂಚೆ, ಒಲಿಂಪಿಕ್ಸಿಗೆ ಯಾರನ್ನು ಕಳಿಸಬೇಕೆಂದು ತಿಳಿಯಲು ಗ್ರೀಕರು ತಮ್ಮತಮ್ಮಲ್ಲೇ ನಡೆಸಿದ ಆಯ್ಕೆಯ ಓಟ. ಜಗತ್ತಿನ ಮೊದಲ ಮ್ಯಾರಥಾನ್ ಓಟವೇ ಒಂದು 'ಟ್ರಯಲ್ಸ್'.

ಆ ಓಟವನ್ನು ಗೆದ್ದವರು ಖರಿಲಾವೊಸ್ ವಾಸಿಲಾಕೊಸ್. ತೆಗೆದುಕೊಂಡ ಸಮಯ 3 ಗಂಟೆ 18 ನಿಮಿಷ. ಬಳಿಕ ಇನ್ನೊಂದು ಆಯ್ಕೆ ಓಟ ನಡೆಯಿತು. ಅದರಲ್ಲಿ ಐದನೆಯವರಾಗಿ ಬಂದು ಹೇಗೋ ತಂಡ ಸೇರಿದವರು ಮರೂಸಿ ಹಳ್ಳಿಯ ನೀರು ಹೊರುವ ಯುವಕ ಸ್ಪಿರಿಡಾನ್ ಲೂಯಿಸ್. ಏಪ್ರಿಲ್ 10ರಂದು ನಿಜವಾದ ಓಟ ನಡೆದಾಗ ಗೆದ್ದವರು ಆ ಐದನೆಯವರೇ. ಸಮಯ 2 ಗಂಟೆ 58 ನಿಮಿಷ 50 ಸೆಕೆಂಡು. ಮೊದಲ ಆಯ್ಕೆ ಓಟದ ವಿಜೇತ ವಾಸಿಲಾಕೊಸ್ ಏಳು ನಿಮಿಷಕ್ಕೂ ಹೆಚ್ಚು ತಡವಾಗಿ ಎರಡನೆಯವರಾದರು. ಆಯ್ಕೆಗಾರರು ಮೊದಲ ಮೂವರು ಸಾಕು ಎಂದಿದ್ದರೆ ಲೂಯಿಸ್ ಎಂಬ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ.

ಒಲಿಂಪಿಕ್ ಮ್ಯಾರಥಾನಿಗೆ ಈಗ ಒಂದು ದೇಶದಿಂದ ಮೂವರಿಗಿಂತ ಹೆಚ್ಚು ಜನ ಹೋಗುವಂತಿಲ್ಲ. ನೂರಾರು ಒಳ್ಳೆಯ ಓಟಗಾರರಿರುವ ದೇಶದಲ್ಲಿ ಆ ಮೂವರು ಯಾರು? ಯಾರು ಹೇಳಬೇಕು? ಗಡಿಯಾರ ಹೇಳಬೇಕೇ, ಒಂದು ದಿನದ ಪಂದ್ಯ ಹೇಳಬೇಕೇ, ಇಲ್ಲವೇ ಹಿರಿಯರ ಸಮಿತಿಯೊಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸಬೇಕೇ? ನೂರಿಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಕೊಟ್ಟ ಉತ್ತರಗಳಲ್ಲಿ ಕ್ರೀಡೆಯ ಚರಿತ್ರೆಯಷ್ಟೇ ಅಲ್ಲ, ನ್ಯಾಯ ಎಂದರೇನು ಎಂಬ ವಿಚಾರವೂ ಅಡಗಿದೆ.

ಹಾಸಿಗೆ ಇದ್ದಷ್ಟು ಕಾಲು

ಆಯ್ಕೆಯ ಕಷ್ಟ ತಿಳಿಯಬೇಕಾದರೆ ಮೊದಲು ಈ ಓಟದ ಸ್ವಭಾವ ತಿಳಿಯಬೇಕು. ನೂರು ಮೀಟರ್ ಓಟಗಾರ ತನ್ನಲ್ಲಿರುವುದನ್ನೆಲ್ಲ ಹತ್ತು ಸೆಕೆಂಡಿನಲ್ಲಿ ಸುರಿದುಬಿಡಬಹುದು. ಮ್ಯಾರಥಾನ್ ಓಟಗಾರನ ಸ್ಥಿತಿ ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಸ್ಥನದು. ಮೊದಲ ವಾರ ಧಾರಾಳ ಮಾಡಿದರೆ ಕೊನೆಯ ವಾರ ಕೈ ಸಾಲ ಮಾಡಬೇಕು. ಇಲ್ಲಿ ಸಾಲ ಕೊಡುವವರೂ ಇಲ್ಲ.

ಲೆಕ್ಕವನ್ನೇ ನೋಡಿ. ಓಡುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ, ಸುಮಾರು ಒಂದು ಕ್ಯಾಲೊರಿ ಶಕ್ತಿ ಖರ್ಚಾಗುತ್ತದೆ. ಅರವತ್ತು ಕಿಲೋ ತೂಗುವವರು 42 ಕಿಲೋಮೀಟರ್ ಓಡಿದರೆ ಎರಡೂವರೆ ಸಾವಿರ ಕ್ಯಾಲೊರಿ. ಬೇಗ ಉರಿಯುವ ಇಂಧನವೆಂದರೆ ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು. ಅದರ ಪ್ರಮಾಣ ಸಾಮಾನ್ಯವಾಗಿ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಉಳಿದದ್ದನ್ನು ಕೊಬ್ಬಿನಿಂದ ತುಂಬಿಕೊಳ್ಳಬೇಕು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ಹಸಿ ಸೌದೆಯ ಹಾಗೆ, ನಿಧಾನವಾಗಿ ಉರಿಯುತ್ತದೆ, ಹೆಚ್ಚು ಆಮ್ಲಜನಕ ಬೇಡುತ್ತದೆ. ಇನ್ನೊಂದು ಸಂಗತಿ: ವೇಗ ಹೆಚ್ಚಾದಷ್ಟೂ ದೇಹ ಸಕ್ಕರೆಯ ಕಡೆಗೇ ಕೈ ಚಾಚುತ್ತದೆ. ಆದುದರಿಂದ ಮೊದಲ ಹತ್ತು ಕಿಲೋಮೀಟರಿನಲ್ಲಿ ತೋರಿದ ಆತುರದ ಬಿಲ್ಲು ಮೂವತ್ತನೆಯ ಕಿಲೋಮೀಟರಿನ ಆಚೆ ಬರುತ್ತದೆ. ಅಲ್ಲಿ ಕಾಲು ಕಲ್ಲಾಗುತ್ತದೆ. ಓಟಗಾರರು ಇದಕ್ಕೆ 'ಗೋಡೆ' ಎಂದು ಹೆಸರಿಟ್ಟಿದ್ದಾರೆ.

ಈ ಗೋಡೆ 1896ರಲ್ಲೇ ಕಾಣಿಸಿಕೊಂಡಿತ್ತು. ಆ ದಿನ ಆರಂಭದಿಂದ ಭಾರಿ ವೇಗದಲ್ಲಿ ಮುಂದಿದ್ದವರು ಫ್ರಾನ್ಸಿನ ಆಲ್ಬಿನ್ ಲೆರ್ಮುಸಿಯೊ. 1,500 ಮೀಟರಿನಲ್ಲಿ ಮೂರನೆಯ ಸ್ಥಾನ ಪಡೆದಿದ್ದವರು. 32 ಕಿಲೋಮೀಟರಿನ ಹೊತ್ತಿಗೆ ಅವರು ಓಟ ಬಿಟ್ಟರು. ಅನಂತರ ಮುಂದೆ ಬಂದ ಆಸ್ಟ್ರೇಲಿಯಾದ ಎಡ್ವಿನ್ ಫ್ಲ್ಯಾಕ್ 800 ಮತ್ತು 1,500 ಮೀಟರ್ ಓಟಗಳ ವಿಜೇತರು. ಅವರೂ ಗುರಿ ಮುಟ್ಟಲಿಲ್ಲ. ಹಿಂದೆ ಉಳಿದು ಗತಿ ಕಾಯ್ದುಕೊಂಡಿದ್ದ ಲೂಯಿಸ್ ಒಬ್ಬೊಬ್ಬರನ್ನೇ ದಾಟಿದರು. ಆ ಹೊತ್ತಿಗೆ ಹೆಚ್ಚಿನ ವಿದೇಶಿಯರಿಗೆ ಇಷ್ಟು ದೂರ ಓಡಿ ಗೊತ್ತಿರಲಿಲ್ಲ. ಗ್ರೀಕರಿಗೆ ಆಯ್ಕೆ ಓಟದ ಪಾಠವಾದರೂ ಆಗಿತ್ತು.

ಓಟದ ದೂರ 42.195 ಕಿಲೋಮೀಟರ್ ಎಂದು ಮೊದಲು ಕಾಣಿಸಿಕೊಂಡದ್ದು 1908ರ ಲಂಡನ್ನಿನಲ್ಲಿ. ಅದೇ ಎಲ್ಲೆಡೆಯ ಅಳತೆಯೆಂದು ನಿಗದಿಯಾದದ್ದು 1921ರಲ್ಲಿ. ಪ್ರತಿ ಕಿಲೋಮೀಟರನ್ನು ಸರಿಯಾಗಿ 3 ನಿಮಿಷದಲ್ಲಿ ಓಡಿದರೆ ಈ ದೂರ 2 ಗಂಟೆ 6 ನಿಮಿಷ 35 ಸೆಕೆಂಡಿನಲ್ಲಿ ಮುಗಿಯುತ್ತದೆ. ಕಿಲೋಮೀಟರಿಗೆ ಒಂದೇ ಒಂದು ಸೆಕೆಂಡು ತಪ್ಪಿದರೆ ಕೊನೆಯಲ್ಲಿ 42 ಸೆಕೆಂಡಿನ ವ್ಯತ್ಯಾಸ. ಫಲಿತಾಂಶದ ಪಟ್ಟಿಯನ್ನು ಬಲ್ಲವರು ಒಟ್ಟು ಸಮಯವನ್ನಷ್ಟೇ ನೋಡುವುದಿಲ್ಲ. ಮೊದಲರ್ಧ ಎಷ್ಟು, ಎರಡನೆಯರ್ಧ ಎಷ್ಟು ಎಂದು ಕಣ್ಣು ಹಾಯಿಸುತ್ತಾರೆ. 2022ರಲ್ಲಿ ಬರ್ಲಿನ್ನಿನಲ್ಲಿ ಕೀನ್ಯಾದ ಎಲಿಯುದ್ ಕಿಪ್ಚೋಗೆ 2 ಗಂಟೆ 1 ನಿಮಿಷ 9 ಸೆಕೆಂಡಿನ ವಿಶ್ವದಾಖಲೆ ಬರೆದಾಗ ಮೊದಲರ್ಧಕ್ಕೆ 59 ನಿಮಿಷ 51 ಸೆಕೆಂಡು, ಎರಡನೆಯರ್ಧಕ್ಕೆ 61 ನಿಮಿಷ 18 ಸೆಕೆಂಡು ತೆಗೆದುಕೊಂಡರು. ಮರುವರ್ಷ ಶಿಕಾಗೋದಲ್ಲಿ ಅದೇ ದೇಶದ ಕೆಲ್ವಿನ್ ಕಿಪ್ಟುಮ್ ಆ ದಾಖಲೆಯನ್ನು ಮುರಿದದ್ದು 60 ನಿಮಿಷ 48 ಸೆಕೆಂಡು ಮತ್ತು 59 ನಿಮಿಷ 47 ಸೆಕೆಂಡುಗಳಲ್ಲಿ. ಅರ್ಧ ದಾರಿಯಲ್ಲಿ ಕಿಪ್ಚೋಗೆಗಿಂತ 57 ಸೆಕೆಂಡು ಹಿಂದಿದ್ದವರು ಕೊನೆಯಲ್ಲಿ 34 ಸೆಕೆಂಡು ಮುಂದೆ. 2024ರ ಫೆಬ್ರುವರಿಯಲ್ಲಿ ರಸ್ತೆ ಅಪಘಾತವೊಂದು ಕಿಪ್ಟುಮ್ ಅವರನ್ನು ಬಲಿ ತೆಗೆದುಕೊಂಡಿತು.

ಎರಡು ಬಗೆಯ ಓಟ

ಹೀಗೆ ದಾಖಲೆ ಮುರಿಯುವ ಓಟಗಳ ಹಿಂದೆ ದೊಡ್ಡ ವ್ಯವಸ್ಥೆಯಿರುತ್ತದೆ. ಚಳಿಯ ಊರು, ಸಮತಟ್ಟಾದ ದಾರಿ, ಮುಂದೆ ಓಡುತ್ತ ಗಾಳಿಯನ್ನು ಸೀಳಿಕೊಡುವ ಬಾಡಿಗೆಯ ಪೇಸರ್‌ಗಳು. ಈ ಪೇಸರ್‌ಗಳನ್ನು ಓಟಗಾರರ ಭಾಷೆಯಲ್ಲಿ 'ಮೊಲ' ಎನ್ನುತ್ತಾರೆ. ಅವರ ಕೆಲಸ ಹೇಳಿದ ವೇಗದಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಎಳೆದು, ಬದಿಗೆ ಸರಿಯುವುದು. ಹಿಂದಿರುವವರಿಗೆ ಗತಿಯ ಚಿಂತೆ ಇಲ್ಲ; ಯಾರದೋ ಬೆನ್ನು ನೋಡಿಕೊಂಡು ಓಡಿದರೆ ಸಾಕು.

ಒಲಿಂಪಿಕ್ಸಿನಲ್ಲಿ ಮೊಲಗಳಿಲ್ಲ. ಬೇಸಿಗೆಯ ಸೆಕೆ, ಏರಿಳಿತದ ದಾರಿ, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವ ಗುಂಪು. ಅಲ್ಲಿ ಗಡಿಯಾರ ಯಾರನ್ನೂ ಕೇಳುವುದಿಲ್ಲ. ಎಷ್ಟನೆಯವರು ಎಂಬುದೊಂದೇ ಪ್ರಶ್ನೆ. ಗಡಿಯಾರದ ಓಟದಲ್ಲಿ ಶೂರರಾದವರು ಸ್ಥಾನದ ಓಟದಲ್ಲಿ ತಬ್ಬಿಬ್ಬಾಗುವುದುಂಟು. ಸಮಯದ ಪಟ್ಟಿಯಲ್ಲಿ ಎಲ್ಲೋ ಕೆಳಗಿರುವವರು ಅಲ್ಲಿ ಪದಕ ತರುವುದೂ ಉಂಟು. ಹಾಗಾದರೆ ಆರಿಸುವಾಗ ಯಾವ ಓಟವನ್ನು ನೆಚ್ಚಬೇಕು?

ಅಮೆರಿಕ ಕೊಟ್ಟ ಉತ್ತರ ನೇರವಾದದ್ದು. 1968ರಲ್ಲಿ ಕೊಲರಾಡೊದ ಅಲಮೋಸ ಎಂಬ ಎತ್ತರದ ಊರಿನಲ್ಲಿ ಒಂದೇ ಆಯ್ಕೆ ಓಟ ನಡೆಸಿದರು: ಮೊದಲ ಮೂವರು ಮೆಕ್ಸಿಕೊಗೆ. ಒಲಿಂಪಿಕ್ಸ್ ನಡೆಯಲಿದ್ದ ಮೆಕ್ಸಿಕೊ ನಗರವೂ ಎತ್ತರದಲ್ಲಿದ್ದುದೇ ಆ ಊರನ್ನು ಆರಿಸಲು ಕಾರಣ. ಆ ಪದ್ಧತಿ ಗಟ್ಟಿಯಾಗಿ ಬೇರೂರಿತು. ಹಿಂದಿನ ಕೀರ್ತಿ, ಹಳೆಯ ಪದಕ, ಗಾಯದ ಕಾರಣ ಯಾವುದೂ ನಡೆಯದು. 1984ರಲ್ಲಿ ಮಹಿಳೆಯರಿಗೆ ಮೊದಲ ಬಾರಿ ಒಲಿಂಪಿಕ್ ಮ್ಯಾರಥಾನ್ ದೊರೆತಾಗ ಜೋನ್ ಬೆನಾಯ್ಟ್ ಅವರ ಮೊಣಕಾಲಿಗೆ ಆಯ್ಕೆ ಓಟದ 17 ದಿನ ಮುಂಚೆ ಶಸ್ತ್ರಚಿಕಿತ್ಸೆಯಾಗಿತ್ತು. ನಿಯಮ ಅವರಿಗಾಗಿ ಸಡಿಲವಾಗಲಿಲ್ಲ. ಅವರು ಓಡಿದರು, 2 ಗಂಟೆ 31 ನಿಮಿಷ 4 ಸೆಕೆಂಡಿನಲ್ಲಿ ಗೆದ್ದರು. ಆಗಸ್ಟಿನಲ್ಲಿ ಲಾಸ್ ಏಂಜಲಿಸಿನ ಒಲಿಂಪಿಕ್ ಓಟದಲ್ಲಿ ಐದು ಕಿಲೋಮೀಟರಿನ ಆಸುಪಾಸಿನಲ್ಲೇ ಗುಂಪು ಬಿಟ್ಟು ಮುಂದೆ ಹೋದರು. ಇಷ್ಟು ಬೇಗ ಹೋದವರು ಸೋತು ಸಿಕ್ಕೇ ಸಿಗುತ್ತಾರೆ ಎಂಬ ಎಣಿಕೆಯಲ್ಲಿ ಉಳಿದವರು ಬೆನ್ನು ಹತ್ತಲಿಲ್ಲ. ಅವರು ಸಿಗಲೇ ಇಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಚಿನ್ನ ಅವರದಾಯಿತು.

ಅಮೆರಿಕದ ಆಯ್ಕೆ ಓಟದ ಇನ್ನೊಂದು ವಿಶೇಷವೆಂದರೆ ಅದರ ಬಾಗಿಲು. ಅಲ್ಲಿ ಓಡಲು ಮೊದಲೇ ಒಂದು ಅರ್ಹತಾ ಸಮಯ ಮುಟ್ಟಿರಬೇಕು. 2020ರ ಓಟಕ್ಕೆ ಅದು ಪುರುಷರಿಗೆ 2 ಗಂಟೆ 19 ನಿಮಿಷ, ಮಹಿಳೆಯರಿಗೆ 2 ಗಂಟೆ 45 ನಿಮಿಷ ಇತ್ತು. ದಾದಿಯರು, ಶಿಕ್ಷಕಿಯರು, ಮಕ್ಕಳ ತಾಯಂದಿರು ಬೆಳಗಿನ ನಾಲ್ಕು ಗಂಟೆಗೆದ್ದು ಅಭ್ಯಾಸ ಮಾಡಿ ಈ 2 ಗಂಟೆ 45 ನಿಮಿಷದ ಹಿಂದೆ ವರ್ಷಗಟ್ಟಲೆ ಬಿದ್ದರು. ಇವರಲ್ಲಿ ಬಹುಮಂದಿಗೆ ಒಲಿಂಪಿಕ್ಸ್ ಕನಸಿನಲ್ಲೂ ಇರಲಿಲ್ಲ. ಆಯ್ಕೆ ಓಟದ ಆರಂಭದ ಗೆರೆಯ ಮೇಲೆ ನಿಲ್ಲುವುದೇ ಅವರ ಒಲಿಂಪಿಕ್ಸ್. 2 ಗಂಟೆ 45 ನಿಮಿಷವೆಂದರೆ ಕಿಲೋಮೀಟರಿಗೆ 3 ನಿಮಿಷ 55 ಸೆಕೆಂಡಿಗಿಂತ ಒಂದು ಕೂದಲೆಳೆ ಬೇಗ. ಕಿಲೋಮೀಟರಿಗೆ ಅರ್ಧ ಸೆಕೆಂಡು ಜಾರಿದರೂ ಇಪ್ಪತ್ತು ಸೆಕೆಂಡಿನಿಂದ ಬಾಗಿಲು ಮುಚ್ಚಿತು. ಐನೂರರಷ್ಟು ಮಹಿಳೆಯರು ಆ ಬಾಗಿಲು ದಾಟಿದರು. 2024ಕ್ಕೆ ಮಹಿಳೆಯರ ಮಿತಿಯನ್ನು 2 ಗಂಟೆ 37 ನಿಮಿಷಕ್ಕೆ, ಪುರುಷರದನ್ನು 2 ಗಂಟೆ 18 ನಿಮಿಷಕ್ಕೆ ಬಿಗಿ ಮಾಡಿದರು. ಎಂಟು ನಿಮಿಷದ ಆ ಅಂತರದಲ್ಲಿ ಎಷ್ಟೋ ಕನಸುಗಳು ಉಳಿದುಹೋದವು.

2020ರ ಫೆಬ್ರುವರಿ 29ರಂದು ಅಟ್ಲಾಂಟಾದಲ್ಲಿ ನಡೆದ ಆ ಓಟದಲ್ಲಿ ಎರಡನೆಯವರಾಗಿ ಬಂದವರು ಮಾಲಿ ಸೈಡೆಲ್. ಅದು ಅವರ ಬದುಕಿನ ಮೊದಲ ಮ್ಯಾರಥಾನ್! ಅರ್ಧ ಮ್ಯಾರಥಾನಿನ ಸಮಯದ ಬಲದಿಂದ ಅರ್ಹತೆ ಪಡೆದಿದ್ದರು. ಹಳೆಯ ಸಾಧನೆಗಳ ಕಡತ ತೆರೆದು ನೋಡುವ ಯಾವ ಸಮಿತಿಯೂ ಒಂದು ಮ್ಯಾರಥಾನೂ ಓಡದವರನ್ನು ಆರಿಸುತ್ತಿರಲಿಲ್ಲ. ಅವರು 2021ರಲ್ಲಿ ಜಪಾನಿನಲ್ಲಿ ನಡೆದ ಒಲಿಂಪಿಕ್ ಓಟದಲ್ಲಿ ಕಂಚು ಗೆದ್ದರು.

ಸಮಿತಿಯ ಕೋಣೆ

ಇದಕ್ಕೆ ತದ್ವಿರುದ್ಧವಾದ ಅನುಭವ ಜಪಾನಿನದು. ಜಪಾನಿಗೆ ಮ್ಯಾರಥಾನ್ ಎಂದರೆ ನಮಗೆ ಕ್ರಿಕೆಟ್ ಇದ್ದಂತೆ. ಜನ ಮನೆಯಲ್ಲಿ ಕುಳಿತು ಎರಡೂವರೆ ಗಂಟೆಯ ಓಟವನ್ನು ದೂರದರ್ಶನದಲ್ಲಿ ಪೂರ್ತಿ ನೋಡುತ್ತಾರೆ. ಅಲ್ಲಿನ ಅಥ್ಲೆಟಿಕ್ ಒಕ್ಕೂಟ ಹಲವು ಓಟಗಳನ್ನು ಆಯ್ಕೆಯ ಓಟಗಳೆಂದು ಹೆಸರಿಸಿ, ಎಲ್ಲದರ ಫಲಿತಾಂಶ ತೂಗಿ ನೋಡಿ ಮೂವರನ್ನು ಪ್ರಕಟಿಸುತ್ತಿತ್ತು. ಒಂದೊಂದು ಓಟದ ಹವೆ ಬೇರೆ, ದಾರಿ ಬೇರೆ, ಎದುರಾಳಿಗಳು ಬೇರೆ. ಯಾವ ತಕ್ಕಡಿಯಲ್ಲಿ ತೂಗುವುದು?

1988ರ ಸೋಲ್ ಒಲಿಂಪಿಕ್ಸಿಗೆ ಮಾತ್ರ ಫುಕುವೊಕಾ ಓಟವೊಂದೇ ನಿರ್ಣಾಯಕ ಎಂಬ ಅಭಿಪ್ರಾಯ ಮೂಡಿತ್ತು. 1987ರ ಡಿಸೆಂಬರಿನಲ್ಲಿ ಕೊರೆಯುವ ಚಳಿಮಳೆಯಲ್ಲಿ ನಕಾಯಾಮಾ ತಾಕೆಯುಕಿ 2 ಗಂಟೆ 8 ನಿಮಿಷ 18 ಸೆಕೆಂಡಿನಲ್ಲಿ ಗೆದ್ದರು. ಆದರೆ ದೇಶದ ಕಣ್ಮಣಿ ಸೆಕೊ ತೊಶಿಹಿಕೊ ಗಾಯದಿಂದಾಗಿ ಓಡಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಬಿವಾ ಸರೋವರದ ಓಟದಲ್ಲಿ ಅವರಿಗೆ ಇನ್ನೊಂದು ಅವಕಾಶ ಸಿಕ್ಕಿತು. 2 ಗಂಟೆ 12 ನಿಮಿಷ 41 ಸೆಕೆಂಡಿನಲ್ಲಿ ಗೆದ್ದರು, ತಂಡ ಸೇರಿದರು. ಒಂದು ಬಾಗಿಲೆಂದು ಹೇಳಿ ಇನ್ನೊಂದನ್ನು ತೆರೆದದ್ದೇಕೆ ಎಂಬ ಪ್ರಶ್ನೆ ದೇಶದಲ್ಲೆಲ್ಲ ಎದ್ದಿತು. ಸೋಲ್‌ನಲ್ಲಿ ನಕಾಯಾಮಾ ನಾಲ್ಕನೆಯವರು, ಸೆಕೊ ಒಂಬತ್ತನೆಯವರು.

ನಾಲ್ಕು ವರ್ಷದ ಬಳಿಕ ಮಹಿಳೆಯರ ಸರದಿ. 1992ರ ಜನವರಿಯಲ್ಲಿ ಒಸಾಕಾದಲ್ಲಿ ಮತ್ಸುನೊ ಅಕೆಮಿ 2 ಗಂಟೆ 27 ನಿಮಿಷ 2 ಸೆಕೆಂಡಿನಲ್ಲಿ ಓಡಿ ಎರಡನೆಯವರಾದರು. ಅರಿಮೊರಿ ಯೂಕೊ 1991ರ ಆಗಸ್ಟಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ನಾಲ್ಕನೆಯವರಾಗಿದ್ದರು. ಸಮಯ 2 ಗಂಟೆ 31 ನಿಮಿಷ 8 ಸೆಕೆಂಡು. ಗಡಿಯಾರದ ಪ್ರಕಾರ ಮತ್ಸುನೊ ನಾಲ್ಕು ನಿಮಿಷ ಮುಂದು. ಸಮಿತಿ ಹೇಳಿತು: ಬಾರ್ಸಿಲೋನಾದ ಸೆಕೆಗೆ ಜನವರಿಯ ಒಸಾಕಾ ಅಳತೆಯಲ್ಲ, ಆಗಸ್ಟಿನ ಟೋಕಿಯೊ ಅಳತೆ. ಅರಿಮೊರಿ ಆಯ್ಕೆಯಾದರು. ಮತ್ಸುನೊ ಆಯ್ಕೆಗೆ ಮುಂಚೆಯೇ ಪತ್ರಕರ್ತರನ್ನು ಕರೆದು ತಮ್ಮನ್ನು ಆರಿಸಬೇಕೆಂದು ಬೇಡಿಕೊಂಡಿದ್ದರು. ಬಾರ್ಸಿಲೋನಾದಲ್ಲಿ ಅರಿಮೊರಿ ಕೇವಲ ಎಂಟು ಸೆಕೆಂಡಿನಿಂದ ಚಿನ್ನ ತಪ್ಪಿಸಿಕೊಂಡು ಬೆಳ್ಳಿ ತಂದರು. 1996ರಲ್ಲಿ ಅಟ್ಲಾಂಟಾದಿಂದ ಕಂಚು ತಂದರು.

ಹಾಗಾದರೆ ಸಮಿತಿಯದು ಸರಿಯಾಗಿತ್ತಲ್ಲವೇ? ತೀರ್ಪು ಸರಿಯಾಗಿತ್ತು, ಒಪ್ಪೋಣ. ಆದರೆ ಮತ್ಸುನೊ ಅವರಿಗೆ ಓಡುವ ಮುಂಚೆ ಯಾರೂ ಹೇಳಿರಲಿಲ್ಲ, ಎಷ್ಟು ಓಡಿದರೆ ಸಾಕು ಎಂದು. ಎದುರಾಳಿ ಯಾರೆಂದು ತಿಳಿಯದ ಓಟವನ್ನು ಅವರು ಓಡಿದ್ದರು. ಮುಂದೆ 2004ರಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ಬಂತು. ಸಿಡ್ನಿಯ ಚಿನ್ನದ ಹುಡುಗಿ ತಾಕಾಹಾಶಿ ನಾವೊಕೊ 2003ರ ನವೆಂಬರಿನ ಟೋಕಿಯೊ ಓಟದಲ್ಲಿ ಬಹುದೂರ ಮುಂದಿದ್ದು, ಕೊನೆಯ ಕಿಲೋಮೀಟರುಗಳಲ್ಲಿ ಗತಿ ಕುಸಿದು ಎರಡನೆಯವರಾದರು. ಮತ್ತೊಂದು ಓಟ ಓಡದೆ ಕಾದರು. ಸಮಿತಿ ಅವರನ್ನು ಕೈಬಿಟ್ಟಿತು. ಅಥೆನ್ಸಿನಲ್ಲಿ ಚಿನ್ನ ಗೆದ್ದವರು ಆಯ್ಕೆಯಾಗಿದ್ದ ನೊಗುಚಿ ಮಿಜುಕಿ. ಮತ್ತೆ ಸಮಿತಿಯ ತೀರ್ಪು ಫಲ ಕೊಟ್ಟಿತು, ಮತ್ತೆ ಜನರ ಮನಸ್ಸು ಮುರಿಯಿತು.

ಟೋಕಿಯೊದ ಒಂದು ಬೆಳಗು

2016ರ ರಿಯೊದಲ್ಲಿ ಜಪಾನಿನ ಪುರುಷರಲ್ಲಿ ಉತ್ತಮ ಸ್ಥಾನ ಹದಿನಾರು, ಮಹಿಳೆಯರಲ್ಲಿ ಹದಿನಾಲ್ಕು. ಮುಂದಿನ ಒಲಿಂಪಿಕ್ಸ್ ತನ್ನದೇ ನೆಲದಲ್ಲಿ. ಒಕ್ಕೂಟ ಹಳೆಯ ಪದ್ಧತಿಯನ್ನು ಕೈಬಿಟ್ಟು 'ಮ್ಯಾರಥಾನ್ ಗ್ರ್ಯಾಂಡ್ ಚಾಂಪಿಯನ್‌ಷಿಪ್' ಎಂಬ ಆಯ್ಕೆ ಓಟವನ್ನು ಹೂಡಿತು. ಎರಡು ವರ್ಷ ನಿಗದಿತ ಓಟಗಳಲ್ಲಿ ಗೊತ್ತುಪಡಿಸಿದ ಸ್ಥಾನ ಮತ್ತು ಸಮಯ ಪಡೆದವರಿಗಷ್ಟೇ ಪ್ರವೇಶ. ಆಯ್ಕೆ ಓಟದ ಮೊದಲ ಇಬ್ಬರಿಗೆ ಒಲಿಂಪಿಕ್ಸ್ ಖಚಿತ. ಮೂರನೆಯ ಸ್ಥಾನಕ್ಕೆ ಒಂದು ಷರತ್ತು: ಅನಂತರದ ಚಳಿಗಾಲದ ಓಟಗಳಲ್ಲಿ ಪುರುಷರು 2 ಗಂಟೆ 5 ನಿಮಿಷ 49 ಸೆಕೆಂಡಿನೊಳಗೆ, ಮಹಿಳೆಯರು 2 ಗಂಟೆ 22 ನಿಮಿಷ 22 ಸೆಕೆಂಡಿನೊಳಗೆ ಓಡಿದರೆ, ಅವರಲ್ಲಿ ಅತಿ ವೇಗದವರಿಗೆ ಆ ಸ್ಥಾನ. ಯಾರೂ ಓಡದಿದ್ದರೆ ಅದು ಆಯ್ಕೆ ಓಟದ ಮೂರನೆಯವರದು. ಹೀಗೆ ಎರಡು ಸ್ಥಾನ ಪಂದ್ಯಕ್ಕೆ, ಒಂದು ಸ್ಥಾನ ಗಡಿಯಾರಕ್ಕೆ.

2019ರ ಸೆಪ್ಟೆಂಬರ್ 15. ಟೋಕಿಯೊದ ಬೀದಿಯಲ್ಲಿ ಮೂವತ್ತು ಪುರುಷರು, ಹತ್ತು ಮಹಿಳೆಯರು. ಗುಂಡು ಹಾರಿದೊಡನೆ ಶಿತಾರಾ ಯೂತಾ ಒಬ್ಬರೇ ನುಗ್ಗಿದರು. ಹಿಂದಿನ ವರ್ಷ ರಾಷ್ಟ್ರೀಯ ದಾಖಲೆ ಮುರಿದು ಹತ್ತು ಕೋಟಿ ಯೆನ್ ಬಹುಮಾನ ಪಡೆದವರು ಅವರು. ಅಂತರ ಎರಡು ನಿಮಿಷ ದಾಟಿತು. ಹಿಂದಿನ ಗುಂಪು ಅಲುಗಲಿಲ್ಲ. ಬಿಸಿಲೇರಿತು. ಅಂತರ ಕರಗತೊಡಗಿತು. 37ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಗುಂಪು ಅವರನ್ನು ನುಂಗಿತು. ಅವರು ಮುಗಿಸಿದ್ದು ಹದಿನಾಲ್ಕನೆಯವರಾಗಿ. ಕೊನೆಯ ಘಟ್ಟದಲ್ಲಿ ನಕಾಮುರಾ ಶೋಗೊ ಸಿಡಿದು 2 ಗಂಟೆ 11 ನಿಮಿಷ 28 ಸೆಕೆಂಡಿನಲ್ಲಿ ಗೆದ್ದರು. ಹತ್ತೋರಿ ಯೂಮಾ ಎರಡನೆಯವರು. ಆ ಹೊತ್ತಿನ ರಾಷ್ಟ್ರೀಯ ದಾಖಲೆ ಹೊಂದಿದ್ದ ಒಸಾಕೊ ಸುಗುರು ಐದು ಸೆಕೆಂಡಿನಿಂದ ಮೂರನೆಯವರಾದರು.

ಅದೇ ಬೆಳಗ್ಗೆ ಮಹಿಳೆಯರ ಓಟದಲ್ಲಿ ಮಯೆದಾ ಹೊನಾಮಿ ಅರ್ಧ ದಾರಿಯ ಹೊತ್ತಿಗೆ ಒಂಟಿಯಾಗಿ ಮುಂದೆ ಹೋದರು. ಅವರನ್ನು ಯಾರೂ ಹಿಡಿಯಲಿಲ್ಲ. ಸುಮಾರು ನಾಲ್ಕು ನಿಮಿಷದಿಂದ ಗೆದ್ದರು. ಒಬ್ಬರಿಗೆ ಮುಳುವಾದ ಧೈರ್ಯ ಇನ್ನೊಬ್ಬರಿಗೆ ವರವಾಯಿತು. ವ್ಯತ್ಯಾಸ ಇಷ್ಟೇ: ಶಿತಾರಾ ಮೊದಲ ಹೆಜ್ಜೆಯಿಂದಲೇ ಖರ್ಚಿಗಿಳಿದರು, ಮಯೆದಾ ಅರ್ಧ ಗಂಟು ಕೈಯಲ್ಲಿಟ್ಟುಕೊಂಡು ಖರ್ಚಿಗಿಳಿದರು.

ಸುಜುಕಿ ಅಯುಕೊ ಎರಡನೆಯವರು, 2 ಗಂಟೆ 29 ನಿಮಿಷ 2 ಸೆಕೆಂಡು. ನಾಲ್ಕು ಸೆಕೆಂಡು ಹಿಂದೆ, ಮೂರನೆಯವರಾಗಿ, ಒಹಾರಾ ರೇ. ಇವರ ಕಥೆಯನ್ನು ತುಸು ನಿಂತು ಕೇಳಬೇಕು. 2016ರ ಮಾರ್ಚಿನಲ್ಲಿ ರಿಯೊ ಆಯ್ಕೆಯ ಕೊನೆಯ ಓಟ ನಾಗೊಯಾದಲ್ಲಿ ನಡೆದಾಗ ಇದೇ ಒಹಾರಾ 2 ಗಂಟೆ 23 ನಿಮಿಷ 20 ಸೆಕೆಂಡಿನಲ್ಲಿ ಬಂದಿದ್ದರು. ಅವರ ಮುಂದೆ ಬಂದ ತನಾಕಾ ತೊಮೊಮಿ ಅವರ ಸಮಯ 2 ಗಂಟೆ 23 ನಿಮಿಷ 19 ಸೆಕೆಂಡು. ಒಂದೇ ಸೆಕೆಂಡು! ತನಾಕಾ ರಿಯೊಗೆ ಹೋದರು, ಒಹಾರಾ ಮನೆಗೆ. ಈ ಬಾರಿ ನಾಲ್ಕು ಸೆಕೆಂಡು. ಆದರೂ ಮೂರನೆಯ ಸ್ಥಾನ ತಾತ್ಕಾಲಿಕವಾಗಿ ಅವರದೇ. 2 ಗಂಟೆ 22 ನಿಮಿಷ 22 ಸೆಕೆಂಡಿನೊಳಗೆ ಯಾರೂ ಓಡದಿದ್ದರೆ ಸಾಕು.

2020ರ ಜನವರಿ 26ರಂದು ಒಸಾಕಾದಲ್ಲಿ ಮತ್ಸುದಾ ಮಿಜುಕಿ 2 ಗಂಟೆ 21 ನಿಮಿಷ 47 ಸೆಕೆಂಡಿನಲ್ಲಿ ಗೆದ್ದರು. ಒಹಾರಾ ಅವರ ಆಸೆ ಅಲ್ಲಿಗೆ ಮುಗಿಯಿತು. ಈಗ ಕಾಯುವ ಸರದಿ ಮತ್ಸುದಾ ಅವರದು. ಮಾರ್ಚ್ 8ರಂದು ನಾಗೊಯಾದ ತಣ್ಣನೆ ಮಳೆಯಲ್ಲಿ, ಆಯ್ಕೆ ಓಟದಲ್ಲಿ ಆರಂಭದ ಆತುರದಿಂದ ಆರನೆಯವರಾಗಿದ್ದ ಇಚಿಯಾಮಾ ಮಾವೊ ಈ ಬಾರಿ ಮೂವತ್ತು ಕಿಲೋಮೀಟರಿನವರೆಗೆ ತಾಳಿ, ಬಳಿಕ ಸಿಡಿದು 2 ಗಂಟೆ 20 ನಿಮಿಷ 29 ಸೆಕೆಂಡಿನಲ್ಲಿ ಮುಗಿಸಿದರು. ಮತ್ಸುದಾ ಮೀಸಲು ಓಟಗಾರ್ತಿಯಾದರು. ಪುರುಷರಲ್ಲಿ ಒಸಾಕೊ ಮನೆಯಲ್ಲಿ ಕುಳಿತು ಕಾಯುವ ಬದಲು ಮಾರ್ಚ್ 1ರಂದು ಟೋಕಿಯೊದಲ್ಲಿ ಓಡಿದರು. ನಡುವೆ ಮುಂದಿನ ಗುಂಪಿನಿಂದ ಕಳಚಿಕೊಂಡರೂ ಗಾಬರಿಯಾಗದೆ ತಮ್ಮ ಗತಿಯಲ್ಲೇ ನಡೆದು, 32 ಕಿಲೋಮೀಟರಿನ ಹೊತ್ತಿಗೆ ದಣಿಯುತ್ತಿದ್ದ ಜಪಾನೀ ಎದುರಾಳಿಯನ್ನು ಹಿಡಿದು ದಾಟಿದರು. 2 ಗಂಟೆ 5 ನಿಮಿಷ 29 ಸೆಕೆಂಡು. ತಮ್ಮದೇ ದಾಖಲೆಯನ್ನು ಮುರಿದಿದ್ದರು.

ಕೊನೆಗೆ ಆದದ್ದೇನು? ಟೋಕಿಯೊದ ಸೆಕೆಗೆ ಹೆದರಿ ಒಲಿಂಪಿಕ್ ಮ್ಯಾರಥಾನನ್ನು ಉತ್ತರದ ಸಪ್ಪೊರೊ ನಗರಕ್ಕೆ ಒಯ್ದರು. ಸಾಂಕ್ರಾಮಿಕದಿಂದ ಒಂದು ವರ್ಷ ತಡವಾಯಿತು. 2021ರ ಆಗಸ್ಟಿನಲ್ಲಿ ಒಸಾಕೊ ಆರನೆಯವರು, ಇಚಿಯಾಮಾ ಎಂಟನೆಯವರು. ಆಯ್ಕೆ ಓಟದ ವಿಜೇತರಾದ ನಕಾಮುರಾ 62ನೆಯವರು, ಮಯೆದಾ 33ನೆಯವರು. ಗಡಿಯಾರದ ಬಾಗಿಲಿನಿಂದ ಬಂದವರೇ ಮುಂದೆ! ಅಮೆರಿಕದಲ್ಲಿ ಒಂದು ದಿನದ ಪಂದ್ಯ ಸೈಡೆಲ್ ಅವರನ್ನು ಹುಡುಕಿಕೊಟ್ಟಿತು, ಜಪಾನಿನಲ್ಲಿ ಅದೇ ಪದ್ಧತಿ ಕೈಕೊಟ್ಟಿತು. ಮುಂದಾಗುವುದನ್ನು ಹೇಳಬಲ್ಲ ಆಯ್ಕೆ ಪದ್ಧತಿ ಎಲ್ಲೂ ಇಲ್ಲ.

ಬೆಳಗಾವಿಯ ಹೆಜ್ಜೆ

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಜ್ಜೆಯೂ ಒಂದುಂಟು. 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಮೊದಲ ಬಾರಿ ತಂಡವೊಂದು ಹೊರಟಾಗ, ಪುಣೆಯಲ್ಲಿ ನಡೆದ ಆಯ್ಕೆಯಲ್ಲಿ ಆರಿಸಿ ಬಂದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ದೊರಾಬ್ಜಿ ಟಾಟಾ ಮುಂದೆ ನಿಂತು ಕಳಿಸಿದ ತಂಡವದು. ಮ್ಯಾರಥಾನಿನಲ್ಲಿ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಅಂದಿನ ದೂರ ಇಂದಿಗಿಂತ ಅರ್ಧ ಕಿಲೋಮೀಟರಿನಷ್ಟು ಹೆಚ್ಚು, 42.75 ಕಿಲೋಮೀಟರ್. ಅನಂತರ 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರದಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆಯನ್ನು ನಾಲ್ಕು ದಶಕ ಕಳೆದರೂ ಯಾರಿಗೂ ಮುರಿಯಲಾಗಲಿಲ್ಲ.

ಗತಿ, ಅರ್ಹತೆ, ಆಯ್ಕೆ ಮೂರೂ ಒಂದೇ ಓಟದಲ್ಲಿ ಹೆಣೆದುಕೊಂಡ ಪ್ರಸಂಗವೊಂದು ನಮ್ಮ ನೆರೆಯ ವಯನಾಡಿನ ಗೋಪಿ ತೊನಕಲ್ ಅವರದು. 2016ರ ಜನವರಿಯ ಮುಂಬಯಿ ಮ್ಯಾರಥಾನಿನಲ್ಲಿ ಅವರು ನಿಂತದ್ದು ಗೆಲ್ಲಲು ಅಲ್ಲ, ಸಂಗಾತಿ ನಿತೇಂದ್ರ ಸಿಂಗ್ ರಾವತ್ ಅವರಿಗೆ ಪೇಸರ್ ಆಗಿ. ಮೊಲದ ಕೆಲಸ ಮುಗಿದ ಮೇಲೂ ಕಾಲು ಹಗುರಾಗಿತ್ತು, ಓಡುತ್ತಲೇ ಇದ್ದರು. ಭಾರತೀಯರಲ್ಲಿ ಎರಡನೆಯವರಾಗಿ 2 ಗಂಟೆ 16 ನಿಮಿಷ 15 ಸೆಕೆಂಡಿನಲ್ಲಿ ಬಂದಾಗ ರಿಯೊ ಒಲಿಂಪಿಕ್ಸಿನ 2 ಗಂಟೆ 19 ನಿಮಿಷದ ಅರ್ಹತೆ ಕೈಸೇರಿತ್ತು. ರಿಯೊದಲ್ಲಿ ಅವರು 25ನೆಯವರು. ಒಂದು ಸೆಕೆಂಡು ಹಿಂದೆ 26ನೆಯವರಾಗಿ ಖೇತಾ ರಾಮ್.

ಗೆರೆ ಎಲ್ಲಿದೆ ಎಂಬುದು

ಇಷ್ಟೆಲ್ಲ ನೋಡಿದ ಮೇಲೆ ಯಾವ ಪದ್ಧತಿ ಒಳ್ಳೆಯದು? ಪದಕದ ಲೆಕ್ಕದಿಂದ ನೋಡಿದರೆ ಉತ್ತರ ಸಿಗುವುದಿಲ್ಲ. ಸಮಿತಿ ಅರಿಮೊರಿ, ನೊಗುಚಿಯರನ್ನು ಕೊಟ್ಟಿತು. ಪಂದ್ಯ ಬೆನಾಯ್ಟ್, ಸೈಡೆಲ್‌ರನ್ನು ಕೊಟ್ಟಿತು. ಗಡಿಯಾರ ಒಸಾಕೊ, ಇಚಿಯಾಮಾರನ್ನು ಕೊಟ್ಟಿತು. ಎರಡನ್ನೂ ಬೆರೆಸಿದರೆ ಬೇರೆ ತೊಡಕು. 2024ರ ಅಮೆರಿಕದ ಆಯ್ಕೆ ಓಟದ ದಿನ ಪುರುಷರಿಗೆ ಎರಡು ಸ್ಥಾನ ಮಾತ್ರ ಖಚಿತವಿತ್ತು. ಮೂರನೆಯದು ತೆರೆಯಲು ಯಾರಾದರೂ 2 ಗಂಟೆ 8 ನಿಮಿಷ 10 ಸೆಕೆಂಡಿನೊಳಗೆ ಓಡುವುದು ನೇರದಾರಿ. ಝ್ಯಾಕ್ ಪ್ಯಾನಿಂಗ್ ಆ ಗತಿ ಹಿಡಿದು ಗುಂಪನ್ನು ಮೈಲಿಗಟ್ಟಲೆ ಎಳೆದರು. ಕೊನೆಗೆ ದಣಿದು ಆರನೆಯವರಾದರು. ಮೂರನೆಯವರಾದ ಲೆನರ್ಡ್ ಕೋರಿರ್ ತಮ್ಮ ಸ್ಥಾನ ಖಚಿತವಾಗಲು ತಿಂಗಳುಗಟ್ಟಲೆ ಕಾಯಬೇಕಾಯಿತು.

ಆದರೆ ಸೋತವರ ಕಡೆಯಿಂದ ನೋಡಿದರೆ ಉತ್ತರವೊಂದು ಇದೆ. 1992ರ ಮತ್ಸುನೊ ಅವರಿಗೂ 2019ರ ಒಹಾರಾ ಅವರಿಗೂ ಆದ ನಷ್ಟ ಒಂದೇ. ಮತ್ಸುನೊ ಯಾರಿಗೆ ಸೋತರು ಎಂಬುದನ್ನು ಇನ್ನೊಬ್ಬರು ಕೋಣೆಯಿಂದ ಹೊರಬಂದು ಹೇಳಬೇಕಾಯಿತು. ಒಹಾರಾ ಯಾರಿಗೆ ಸೋತರು, ಎಲ್ಲಿ ಸೋತರು, ಎಷ್ಟರಿಂದ ಸೋತರು ಎಂಬುದು ಓಡುವ ಮುಂಚೆ ಪ್ರಕಟವಾದ ನಿಯಮದಲ್ಲಿ, ಓಡಿದ ಮೇಲೆ ಬೀದಿಯ ಗಡಿಯಾರದಲ್ಲಿ ಎಲ್ಲರಿಗೂ ಕಾಣುವಂತಿತ್ತು. ನಿಯಮ ದಯೆ ತೋರಲಿಲ್ಲ, ನಿಜ. ಆದರೆ ಗೆರೆಯನ್ನು ಓಟದ ನಡುವೆ ಸರಿಸಲೂ ಇಲ್ಲ. ನಲವತ್ತೆರಡು ಕಿಲೋಮೀಟರ್ ತನ್ನ ಶಕ್ತಿಯನ್ನು ಅಳೆದಳೆದು ಖರ್ಚು ಮಾಡಬೇಕಾದವರಿಗೆ ಮೊಟ್ಟಮೊದಲು ತಿಳಿದಿರಬೇಕಾದದ್ದು ಗೆರೆ ಎಲ್ಲಿದೆ ಎಂಬುದು. ಅಷ್ಟನ್ನು ಮುಂಚಿತವಾಗಿ ಹೇಳುವುದು ಆರಿಸುವವರಿಂದ ಆಗುವ ಕೆಲಸ. ಉಳಿದದ್ದು ಓಡುವವರ ಕಾಲಿಗೆ ಬಿಟ್ಟದ್ದು.